ಹಗಲಲ್ಲಿ ಸತ್ತ ಸಿಗ್ನಲ್

ಲಾರಿ ನೇರ ನಮ್ಮ ಮೇಲೇ ಬರುತ್ತಿತ್ತು!

"ಪ್ರತಿಮಾ ಮೇಡಂ, ಪಕ್ಕಕ್ಕೆ ಬನ್ನಿ!"

"ಅವನೇ ಸಾರ್... ನೋಡಿ, ಸಿಗ್ನಲ್ ಸತ್ತೋಯ್ತು!"

ಆಕೆಯ ರಟ್ಟೆ ಹಿಡಿದು ಎಳೆದೆ. ಲಾರಿ ರಸ್ತೆಬದಿ ನಾವು ನಿಲ್ಲಿಸಿದ್ದ ಆಂಟೆನಾವನ್ನು ನುಚ್ಚುನೂರು ಮಾಡಿ ಹುಣಸೆಮರಕ್ಕೆ ಗುದ್ದಿ ನಿಂತಿತು.

ಸೋಲೂರಿನ ತಿರುವು. ಚುರುಗುಟ್ಟುವ ಬಿಸಿಲು. ಆದರೂ ನನ್ನ ಬೆನ್ನು ತಣ್ಣಗಾಯಿತು.

ಆಕೆಯ ಗಂಡ ಅಶೋಕ್ ಸತ್ತದ್ದು ಇಲ್ಲೇ. ಬೈಕಿಗೆ ಗುದ್ದಿದ ಲಾರಿ ಸಿಗಲೇ ಇಲ್ಲ. ಅದನ್ನು ಹುಡುಕಲೆಂದೇ ನನ್ನನ್ನು ಕರೆಸಿದ್ದರು.

ಗಂಡ ಹೆಂಡತಿ ಇಬ್ಬರದೂ ಒಂದೇ ಕೆಲಸ. ನಮ್ಮ ತಲೆಯ ಮೇಲೆ ಅಯಾನುಗೋಳ ಅಂತ ಒಂದು ಪದರವಿದೆಯಂತೆ. ಅದನ್ನು ದಾಟಿ ಬರುವ ಉಪಗ್ರಹದ ಸಿಗ್ನಲ್ ಎಷ್ಟು ನಡುಗುತ್ತದೆ ಎಂದು ಅಳೆಯುವುದು. ಹೆಚ್ಚಾಗಿ ನಡುಗುವುದು ಹೊತ್ತು ಮುಳುಗಿದ ಮೇಲೆ. ಹಾಡಹಗಲಲ್ಲಿ ಎಲ್ಲ ಸಿಗ್ನಲ್‌ಗಳೂ ಒಟ್ಟಿಗೆ ಸತ್ತರೆ ಅದು ಆಕಾಶದ ಕೆಲಸವಲ್ಲ. ಹತ್ತಿರದಲ್ಲೇ ಯಾರೋ ಜ್ಯಾಮರ್ ಹಾಕಿದ್ದಾರೆ. ಲಾರಿ ಎಲ್ಲಿದೆಯೆಂದು ಸರ್ಕಾರಕ್ಕೆ ಹೇಳುವ ಜಿಪಿಎಸ್ ಬಾಯಿ ಮುಚ್ಚಿಸುವ, ಕ್ವಾರಿ ಲಾರಿಗಳ ಕಳ್ಳಾಟ!

ಅಶೋಕ್ ಸತ್ತ ಗಳಿಗೆಯಲ್ಲೂ ಹೀಗೇ ಆಗಿತ್ತೆಂದು ಅವರ ಯಂತ್ರದಲ್ಲಿ ದಾಖಲಾಗಿತ್ತು. ಅದಕ್ಕೇ ಇಲ್ಲಿ ಆಂಟೆನಾ ಇಟ್ಟು ಕಾಯುತ್ತಿದ್ದೆವು.

ಡ್ರೈವರನ ಕಾಲರ್ ಹಿಡಿದು ಕೆಳಗೆ ಕೆಡವಿದೆ.

"ಹೆಸರೇನ್ಲಾ?"

"ಕೆಂಪಯ್ಯ... ಹೊಡೀಬ್ಯಾಡಿ ಸಾ!"

ಇಣುಕಿ ನೋಡಿದೆ. ಲಾರಿ ಖಾಲಿ. ಸ್ಟೇರಿಂಗ್ ಪಕ್ಕದಲ್ಲಿ ಜ್ಯಾಮರ್ ಮಿನುಗುತ್ತಿತ್ತು.

"ಖಾಲಿ ಗಾಡಿಗೆ ಜ್ಯಾಮರ್ ಯಾಕ್ಲಾ?"

"ಆವತ್ತು ಕಳ್ಳ ಲೋಡ್ ಇತ್ತು, ಹಾಕಿದ್ದೆ. ಆ ಯಪ್ಪ ಅಡ್ಡ ಬಂದ್ಬುಟ್ಟ ಸಾ..."

"ಇವತ್ತು?"

ಅವನು ಬೆರಳನ್ನು ಆಕಾಶದ ಕಡೆ ಎತ್ತಿದ.

"ಅಲ್ಲಿಂದ ನೋಡ್ತಾ ಐತೆ ಸಾ! ಆ ಯಪ್ಪನ ಸ್ಯಾಟಲೈಟು! ಸ್ಯಾಟಲೈಟ್ ಕೆಲಸದೋನು ಅಂತ ಪೇಪರ್ನಾಗೆ ಬಂದಿತ್ತು. ಅದುಕ್ಕೇ ಆವತ್ತಿಂದ ಇದುನ್ನ ಆಫೇ ಮಾಡಿಲ್ಲ. ಪಕ್ಕದಲ್ಲೇ ಮಡೀಕಂಡು ಮನೀಕತೀನಿ. ಇವತ್ತು ಆ ಆಂಟೆನಾ ಕಂಡೇಟ್ಗೆ ಜೀವ ಬಾಯಿಗೆ ಬಂದು ಸ್ಟೇರಿಂಗ್ ಕೈ ತಪ್ಪೋಯ್ತು..."

ಥೂ! ಆಫ್ ಮಾಡಿ ಬಿಸಾಕಿದ್ದರೆ ಈ ಜನ್ಮದಲ್ಲಿ ನಮಗೆ ಸಿಗುತ್ತಿರಲಿಲ್ಲ.

ಪ್ರತಿಮಾ ಮೇಡಂ ಅಳುತ್ತಿದ್ದರು. ಆದರೆ ಅವರ ದನಿ ಗಟ್ಟಿಯಿತ್ತು.

"ಅದಕ್ಕೆ ಕ್ಯಾಮೆರಾನೇ ಇಲ್ಲ ಕೆಂಪಯ್ಯ. ಅದು ಒಂದು ದಿನಾನೂ ನಿನ್ನ ನೋಡಿಲ್ಲ."

ಅವನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

"ಹಂಗಾದ್ರೆ... ದಿನಾ ನನ್ನ ನೋಡ್ತಾ ಇರೋದು ಯಾರು ಮೇಡಂ?"

ಇಬ್ಬರೂ ನನ್ನ ಕಡೆ ತಿರುಗಿದರು.

ನಾನು ಪೊಲೀಸರಿಗೆ ಫೋನ್ ಹಚ್ಚಿದೆ. ಪತ್ತೇದಾರಿಕೆ ನನ್ನ ಹೊಟ್ಟೆಪಾಡು, ನಿಜ... ಆದರೆ ಆ ಕೇಸು ನನಗೆ ಬೇಡ ಸ್ವಾಮೀ!