ಅಂಚು ಕಟ್ಟದ ಟೋಪಿ

“ಇನ್ನು ಈ ಅಂಗಡೀಲಿ ನಿಮಗೆ ಇಂಜೆಕ್ಷನ್ ಇಲ್ಲ.”

ಎಫ್ರಾಯಿನ್ ಕಾಗದದಿಂದ ತಲೆ ಎತ್ತದೆ ಹೇಳಿದ. ಕೌಂಟರಿನ ಈಚೆ ನಿಂತಿದ್ದ ದೆಲ್ಫಿನಾ ಚಾಚಿದ್ದ ಎಡಗೈಯನ್ನು ಹಿಂದಕ್ಕೆಳೆದುಕೊಂಡಳು.

‘ಮೂರು ವರ್ಷ ಕೈಯಾರೆ ಕೊಟ್ಟವನು... ಇವತ್ತೇನಾಯಿತು ಇವನಿಗೆ?’

ಸಿಗ್‌ಸಿಗ್ ಎಂಬ ಆ ಬೆಟ್ಟದೂರಿನಲ್ಲಿ ಹೆಣ್ಣಾಗಿ ಹುಟ್ಟಿದರೆ ಹುಲ್ಲಿನ ಟೋಪಿ ಹೆಣೆಯಲೇಬೇಕು. ದೆಲ್ಫಿನಾಳ ಬೆರಳಿಗೆ ಮೂವತ್ತು ದಾಟುತ್ತಲೇ ಸಂಧಿವಾತ ಹತ್ತಿತ್ತು. ಮೈ ತನ್ನ ಕೀಲುಗಳನ್ನೇ ಹಗೆಯೆಂದು ತಿಳಿದು ಕಚ್ಚುವ ಕಾಯಿಲೆ ಅದು. ಬೆರಳು ಬಿಗಿದಾಗಲೆಲ್ಲ ಎಫ್ರಾಯಿನ್‌ನ ಔಷಧಿ ಅಂಗಡಿಗೆ ಬಂದು ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುತ್ತಿದ್ದಳು. ವೈದ್ಯರ ಚೀಟಿ ಕೇಳುವವರು ಯಾರು? ನೋವೂ ಹೋಗುತ್ತಿತ್ತು, ಅವನ ಮುಖವೂ ಕಾಣುತ್ತಿತ್ತು. ಎರಡನೆಯದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಎರಡು ವಾರದ ಹಿಂದೆ ಹುಲ್ಲಿನ ಕಟ್ಟು ಎತ್ತಿದ್ದೇ ನೆಪ, ಬಲಗೈಯ ಮಣಿಕಟ್ಟು ಮುರಿಯಿತು. ಕ್ವೆಂಕಾ ಪಟ್ಟಣದ ವೈದ್ಯೆ ಪ್ಲಾಸ್ಟರ್ ಹಾಕಿ, ಮೂವತ್ತಾರರ ಹೆಣ್ಣಿಗೆ ಎಪ್ಪತ್ತರ ಮೂಳೆ ಎಂದರು. ಅದರಲ್ಲಿ ಅರ್ಧವನ್ನು ಕಾಯಿಲೆ ತಿಂದಿದೆ, ಉಳಿದರ್ಧವನ್ನು ಆ ಇಂಜೆಕ್ಷನ್ ತಿಂದಿದೆ. ಹೃದಯದ ಮೇಲೂ ಕಣ್ಣಿಡಬೇಕು ಎಂದು ಬರೆದುಕೊಟ್ಟರು. ಇವತ್ತು ಎಡಗೈಯೂ ಬಿಗಿದು, ಇದೊಂದೇ ಸಲ ಎಂದು ಬೇಡುತ್ತಾ ಆ ಕಾಗದವನ್ನು ಅವನ ಮುಂದಿಟ್ಟವಳು ಅವಳೇ.

‘ಓದಿದ. ಮುದುಕಿಯ ಮೂಳೆ ಎಂದು ಅಸಹ್ಯವಾಯಿತು...’

ಅವಳು ಕಾಗದವನ್ನೂ ಬಿಟ್ಟು ಹೊರಟುಬಿಟ್ಟಳು. ಏರುದಾರಿಯಲ್ಲಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಎದೆ ಹಿಂಡಿತು. ಗೋಡೆ ಹಿಡಿದು ನಿಂತಳು. ಕಾಗದ ಕೊಡಲು ಓಡಿಬಂದ ಎಫ್ರಾಯಿನ್ ಏನಾಯಿತೆಂದು ಕೇಳಿದ.

“ಏನಿಲ್ಲ. ಅಚ್ಚಿನ ನೋವು.”

ಮರದ ಅಚ್ಚಿಗೆ ಎದೆಯೊತ್ತಿ, ಬಗ್ಗಿ ಹೆಣೆಯುವ ಹೆಂಗಸರಿಗೆಲ್ಲ ಇರುವ ನೋವದು. ಎದೆನೋವೆಂದು ಯಾರಾದರೂ ಗೋಳಾಡಿದರೆ ಆ ಊರಿನ ಅಜ್ಜಿಯರು ನಗುತ್ತಾರೆ. ದೆಲ್ಫಿನಾಳೂ ತಿಂಗಳುಗಟ್ಟಲೆ ಹಾಗೆಯೇ ನಕ್ಕು ತಳ್ಳಿದ್ದಳು.

ಎಫ್ರಾಯಿನ್ ಅವಳ ಪ್ಲಾಸ್ಟರ್ ಕೈ ನೋಡಿದ. ಅವನ ಮುಖ ಬಿಳಿಚಿಕೊಂಡಿತು.

“ಎರಡು ವಾರದಿಂದ ನೀವು ಅಚ್ಚು ಮುಟ್ಟೇ ಇಲ್ವಲ್ಲ...”

ಅವನು ಆಲೂಗಡ್ಡೆ ಹೊತ್ತು ಪಟ್ಟಣಕ್ಕೆ ಹೊರಟಿದ್ದ ಲಾರಿಗೆ ಅಡ್ಡ ನಿಂತು, ಅವಳನ್ನು ಹತ್ತಿಸಿ, ತಾನೂ ಹತ್ತಿದ. ನನ್ನಂಥವಳ ಹಿಂದೆ ಯಾಕೆ ಬರುತ್ತೀರಿ, ಇಳಿದುಹೋಗಿ ಎಂದು ಅವಳು ದಾರಿಯುದ್ದಕ್ಕೂ ಅತ್ತಳು. ಒಳಗೆ ಮಾತ್ರ ಬೇರೆಯೇ ಬೇಡಿಕೆ.

‘ದೇವರೇ, ಸಾಯಿಸುವುದಾದರೆ ಇವನ ಪಕ್ಕದಲ್ಲೇ ಸಾಯಿಸು...’

ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಪಟ್ಟಣದ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಕೀಲು ಸುಡುವ ಬೆಂಕಿ ರಕ್ತನಾಳವನ್ನೂ ಬಿಡುವುದಿಲ್ಲ, ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ವೈದ್ಯೆ. ಹೃದಯವನ್ನೂ ಮೂಳೆಯನ್ನೂ ಬದುಕಿಡೀ ಕಾಯಬೇಕು. ಬೆರಳಿನ ನಾಜೂಕು ಹೆಣಿಗೆಯ ಆಸೆ ಬಿಡಬೇಕು ಎಂದೂ ಹೇಳಿದರು. ಹೆಣಿಗೆ ಬಿಟ್ಟರೆ ತನ್ನಲ್ಲಿ ಇನ್ನೇನು ಉಳಿಯಿತೆಂದು ದೆಲ್ಫಿನಾ ಗೋಡೆಯ ಕಡೆ ತಿರುಗಿ ಮಲಗಿದಳು.

ಮೂರನೆಯ ಬೆಳಿಗ್ಗೆ ಎಫ್ರಾಯಿನ್ ಅವಳ ಬಟ್ಟೆ ತಂದ. ತಲೆಯ ಮೇಲೆ, ಕೈ ಮುರಿದಾಗ ಅವಳು ಅರ್ಧಕ್ಕೇ ಬಿಟ್ಟಿದ್ದ ಟೋಪಿ. ಅದರ ಅಂಚಿನಿಂದ ಹುಲ್ಲಿನೆಳೆಗಳು ಅವನ ಕಣ್ಣಿನ ಮೇಲೇ ಜೋತಾಡುತ್ತಿದ್ದವು.

“ನಿಮ್ಮಮ್ಮ ಕೊಟ್ರು. ನನಗೇ ಅಂತೆ.”

ದೆಲ್ಫಿನಾ ನಾಚಿ ಕಣ್ಣು ಮುಚ್ಚಿದಳು. ಅವನು ಮಂಚದ ಪಕ್ಕ ನೆಲದ ಮೇಲೆ ಕುಸಿದು ಕುಳಿತ.

“ನಿನ್ನ ಮೂಳೆ ತಿಂದಿದ್ದು ಈ ಕೈ, ದೆಲ್ಫಿನಾ. ನೀನು ನರಳೋದು ನೋಡೋಕಾಗದೆ ಚುಚ್ಚಿದೆ. ಪ್ರೀತಿ ಅಂದ್ಕೊಂಡು ಚುಚ್ಚಿದೆ... ಆ ಕಾಗದ ಓದಿದ ಮೇಲೆ ನಿನ್ನ ಮುಖ ನೋಡೋ ಧೈರ್ಯ ಬರ್ಲಿಲ್ಲ.”

‘ಅಸಹ್ಯವಲ್ಲ... ಅದು ಅಸಹ್ಯವಾಗಿರಲಿಲ್ಲ!’ ಅವಳ ಕಣ್ಣೀರು ದಿಂಬಿಗಿಳಿಯಿತು.

“ನಂದೂ ತಪ್ಪಿದೆ. ನೋವಿಲ್ಲದಾಗ್ಲೂ ಬಂದಿದ್ದೆ. ನಿನ್ನ ನೋಡೋಕೆ ಇನ್ನೇನು ನೆಪ ಇತ್ತು ನಂಗೆ?”

ಅವನು ಬಿಕ್ಕಿದ.

“ಅಂಚು ಕಟ್ಟೋಕೆ ನನ್ನ ಕೈಲಿ ಇನ್ನಾಗಲ್ಲ ಎಫ್ರಾಯಿನ್.”

“ಹೀಗೇ ಹಾಕ್ಕೊಂಡು ಓಡಾಡ್ತೀನಿ.”

“ಊರು ನಗುತ್ತೆ.”

“ನಗ್ಲಿ. ಒಂದು ಮಾತ್ರ ಹೇಳು, ನನ್ನ ತಲೆ ಅಳತೆ ನಿಂಗೆ ಹೇಗೆ ಗೊತ್ತಾಯ್ತು?”

ಅವಳು ಬಿಗಿದ ಎಡಗೈಯನ್ನು ಮೆಲ್ಲಗೆ ಆ ಟೋಪಿಯ ಮೇಲಿಟ್ಟಳು.

“ಮೂರು ವರ್ಷ ಸೂಜಿ ಹಿಡ್ಕೊಂಡು ನನ್ನ ತೋಳಿನ ಹತ್ರ ತಲೆ ಬಗ್ಗಿಸಿದ್ದೆಯಲ್ಲ... ನಾನು ಬೇರೇನು ನೋಡ್ತಿದ್ದೆ ಅಂದ್ಕೊಂಡೆ?”