ಹುಳದ ಮನೆ ಪಕ್ಕದಲ್ಲಿ ಸೊಳ್ಳೆಬತ್ತಿ

ಚಾಕು ನನ್ನ ಕುತ್ತಿಗೆಗೆ ತಾಗಿತ್ತು.

ಹಿಡಿದ ಕೈ ಹೊಸದು. ನನಗೆ ಭಯವಾಗಿದ್ದು ಅದಕ್ಕೇ ಸ್ವಾಮಿ... ಪಳಗಿದವನ ಚಾಕು ಅವನು ಹೇಳಿದಲ್ಲಿ ನಿಲ್ಲುತ್ತೆ. ಹೊಸಬನದು ಯಾರ ಮಾತೂ ಕೇಳಲ್ಲ.

ಹಿಡಿದಿದ್ದವನು ಜಬೀವುಲ್ಲಾ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಸುವ ಅಕ್ಬರಿ ಬೇಗಂ ಅವರ ಒಬ್ಬನೇ ಮಗ ಜಬಿ.

"ಮುಗಿಸು," ಅಂದ ಬಾಗಿಲಲ್ಲಿ ನಿಂತಿದ್ದ ಅವನ ಗುರು, ಉಸ್ತಾದ್. "ಜೀಪ್ ರೆಡಿ ಇದೆ."

ಕೊಯ್ದರೆ ನಾನು ಹೋದೆ. ಜಬಿಯೂ ಹೋದ, ವಾಪಸ್ ಬರೋ ದಾರಿ ಇಲ್ಲದ ಕಡೆಗೆ.

ನಾನು ರುದ್ರಪ್ರಸಾದ್. ಪೊಲೀಸ್ ಕೆಲಸ ಬಿಟ್ಟವನು. ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಜಗಳ ಬಿಡಿಸಿ ಹೊಟ್ಟೆ ಹೊರೆಯುವವನು. ಅವತ್ತು ಬೆಳಗ್ಗೆ ಅಕ್ಬರಿ ಬೇಗಂ ಮಾರ್ಕೆಟ್ಟಿಗೇ ಹುಡುಕಿಕೊಂಡು ಬಂದಿದ್ದರು.

"ದರ್ಗಾಕ್ಕೆ ಹೋಗೋಳು ನನ್ನ ತಾಯೇ ಅಲ್ಲ ಅಂದ್ಬುಟ್ಟು ಜಬಿ ಮನೆ ಬುಟ್ಟು ಹೋದ, ರುದ್ರಣ್ಣ. ನೆನ್ನೆ ಫೋನ್ ಮಾಡಿ ಖುದಾ ಹಾಫಿಜ್ ಅಂದ. ಇವತ್ತು ಆ ಉಸ್ತಾದ್ ಜೊತೆ ದೇಶ ಬುಟ್ಟು ಯುದ್ಧಕ್ಕೆ ಹೋಯ್ತಾನಂತೆ."

"ಎಳ್ಕೊಂಡು ಬತ್ತೀನಿ. ನಾಕು ಬಿಟ್ರೆ ಬುದ್ಧಿ ಬತ್ತದೆ."

"ಹೊಡೀಬ್ಯಾಡಿ," ಅಂದರು. "ಬೆಂಗಳೂರಲ್ಲಿ ಬಾಂಬ್ ಸಿಡಿದಾಗ ತಪ್ಪಿಲ್ದೆ ಪೊಲೀಸ್ನೋರು ಹಿಡ್ಕೊಂಡೋಗಿ ಹೊಡದ್ರು. ಬುಟ್ಟು ಕಳಿಸಿದ್ಮೇಲೆ ಬೀದೀಲಿ ಒಬ್ರೂ ಮಾತಾಡಿಸ್ಲಿಲ್ಲ. ತಲೆ ಸವರಿದ್ದು ಆ ಉಸ್ತಾದ್ ಒಬ್ನೇ. ಸವರ್ತಾ ಸವರ್ತಾ ತಲೆ ಕೆಡಿಸ್ಬುಟ್ಟ."

ಹೊಡೆಯಲ್ಲ ಅಂತ ಮಾತು ಕೊಟ್ಟೆ.

ಎಲ್ಲಿ ಹುಡುಕೋದು? ಅಲ್ಲೇ ಮಾರ್ಕೆಟ್ಟಿನಲ್ಲಿ, ರೇಷ್ಮೆಹುಳ ಸಾಕುವ ಕೂಟಗಲ್ ಊರಿನ ಕರಿಯಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಪಕ್ಕದ ಶೆಡ್ಡಿಗೆ ಯಾವನೋ ಬಂದವ್ನೆ. ಹುಳ ಸಾಕ್ತೀನಿ ಅಂದ. ಒಂದು ಹೊರೆ ಹಿಪ್ಪುನೇರಳೆ ಸೊಪ್ಪು ತಂದಿದ್ದು ಕಾಣೆ. ಸೊಳ್ಳೆಬತ್ತಿ ಹಚ್ಚವ್ನೆ ಕಣ್ರೀ... ನನ್ನ ಹುಳ ಪೊರೆ ಬುಟ್ಟು ನಾಕನೇ ಜ್ವರ ಎದ್ದಿದ್ವು, ಇನ್ನೇನು ಗೂಡು ಕಟ್ಟೋವು. ಎಲ್ಲ ವಾಂತಿ ಮಾಡ್ಕಂಡು ಸತ್ವು."

ಹುಳದ ಮನೆ ಹತ್ತಿರ ಬೀಡಿಯನ್ನೂ ಹಚ್ಚಬಾರದು. ನಮ್ಮ ಕಡೆ ಇದು ಕೂಸಿಗೂ ಗೊತ್ತು. ಇವನು ಹೊರಗಿನವನು, ಆ ಉಸ್ತಾದನೇ ಇರಬೇಕು!

"ಜನ ಕರ್ಕೊಂಡು ಹಿಂದೆ ಬಾ," ಅಂದು ಬೈಕ್ ಹತ್ತಿದೆ.

ಕೂಟಗಲ್ ತಿರುವಿನಲ್ಲಿ ಜೀಪ್ ಎದುರಿಗೇ ನುಗ್ಗಿತು. ಬೈಕ್ ಮೋರಿಗೆ, ನಾನು ಕತ್ತಾಳೆ ಪೊದೆಗೆ... ಕಣ್ಣು ಬಿಟ್ಟಾಗ ಅದೇ ಶೆಡ್ಡಿನ ಕಂಬಕ್ಕೆ ನನ್ನನ್ನು ಕಟ್ಟಿದ್ದರು.

ಈಗ ಈ ಚಾಕು.

"ನಿಮ್ಮಮ್ಮ..." ಅಂದೆ.

"ಅಮ್ಮನ ಸುದ್ದಿ ಎತ್ಬ್ಯಾಡಿ!"

ಆಗ ಉಸ್ತಾದನನ್ನು ಪಕ್ಕಕ್ಕೆ ತಳ್ಳಿ ಕರಿಯಪ್ಪ ಒಳಗೆ ಬಂದ. ಕೈಯಲ್ಲಿ ಸತ್ತ ಹುಳದ ತಟ್ಟೆ. ಚಾಕು ನೋಡಿದ, ನನ್ನನ್ನು ನೋಡಿದ. ಆದರೂ ಬಾಯಿಗೆ ಬಂದಿದ್ದು ಹುಳದ ಮಾತೇ.

"ಜಬಿ? ಬತ್ತಿ ಹಚ್ಚುವಾಗ ನೀನೂ ಇದ್ದೇನ್ಲಾ? ನಮ್ಮ ಗೂಡಿನ ಮೂಟೆ ಮೇಲೆ ಕೂತು ಬೆಳದೋನು... ನಿಂಗೆ ಗೊತ್ತಿರ್ನಿಲ್ವಾ?"

"ಅವನ ಹುಳ ಸತ್ತರೆ ನಮಗೇನು?" ಅಂದ ಉಸ್ತಾದ್.

ಜಬಿ ತಟ್ಟೆಯನ್ನೇ ನೋಡುತ್ತಿದ್ದ.

"ಗೊತ್ತಿತ್ತು ಕರಿಯಣ್ಣ. ಸಾಯ್ತವೆ ಅಂತ ಗೊತ್ತಿತ್ತು. ಸುಮ್ಕಿದ್ದೆ."

ಉಸ್ತಾದ್ ಚಾಕು ಕಿತ್ತುಕೊಳ್ಳಲು ನುಗ್ಗಿದ. ಜಬಿ ಕೊಡಲಿಲ್ಲ. ನನ್ನ ಹಗ್ಗ ಕೊಯ್ದ.

ಆಮೇಲೆ ನಾನು ಉಸ್ತಾದನಿಗೆ ಹೊಡೆದೆ. ಅಕ್ಬರಿ ಬೇಗಂ ಹೊಡೆಯಬೇಡಿ ಅಂದಿದ್ದು ಜಬಿಯನ್ನು ಮಾತ್ರ.

ಜೀಪಿನ ಡ್ರೈವರನನ್ನು ಊರ ಜನ ಹಿಡಿದರು. ಮುಂದೆ ಕೋರ್ಟಿನಲ್ಲಿ ಉಸ್ತಾದನ ಎದುರು ನಿಂತು ಜಬಿ ಸಾಕ್ಷಿ ಹೇಳಿದ. ಅದೆಲ್ಲ ಆಮೇಲಿನ ಮಾತು. ಅವತ್ತು ಅವನು ಕರಿಯಪ್ಪನ ಮುಂದೆ ಕೆನ್ನೆ ಒಡ್ಡಿ ನಿಂತ.

"ಹೊಡದ್ರೆ ಹುಳ ಎದ್ದು ಬತ್ತವಾ?" ಅಂದ ಕರಿಯಪ್ಪ. "ಬಾ, ತಟ್ಟೆ ತೊಳಿ."

ಇವತ್ತಿಗೂ ಜಬಿ ಅಲ್ಲೇ ಹುಳ ನೋಡಿಕೊಳ್ಳುತ್ತಾನೆ. ಮಗ ಬಂದ ಅಂತ ಖುಷಿಪಡಬೇಡಿ ಸ್ವಾಮಿ, ಅರ್ಧ ಬಂದಿದ್ದಾನೆ. ಜೀಪಿನ ಸದ್ದಾದರೆ ಬೆಚ್ಚುತ್ತಾನೆ. ಮನೆಯಲ್ಲಿ ಅವನು ಉಣ್ಣುವಷ್ಟು ಹೊತ್ತೂ, ಮತ್ತೆ ಎದ್ದು ಹೋದಾನು ಅಂತ, ಅಕ್ಬರಿ ಬೇಗಂ ಬಾಗಿಲಿಗೆ ಅಡ್ಡ ಕೂರುತ್ತಾರೆ.

ಮೊನ್ನೆ ಕರಿಯಪ್ಪನ ಹುಳದ ಮನೆಗೆ ಹೋಗಿದ್ದೆ.

"ಉಸ್ತಾದನ ದನಿ ಇನ್ನೂ ತಲೇಲೈತೆ ರುದ್ರಣ್ಣ," ಅಂದ ಜಬಿ.

"ಏನಂತಾನೆ?"

"ಬಾ ಅಂತಾನೆ."

"ನೀನೇನಂತೀಯ?"

"ಹುಳ ಹಸ್ಕೊಂಡವೆ, ಸೊಪ್ಪು ಹಾಕ್ಬುಟ್ಟು ನೋಡವ ಅಂತೀನಿ."

ಪುಣ್ಯಕ್ಕೆ ಹುಳಕ್ಕೆ ಹಗಲೂ ಹಸಿವು, ರಾತ್ರಿಯೂ ಹಸಿವು.

ಮನಸ್ಸು ತಡೆಯದೆ ಬೀಡಿ ತೆಗೆದೆ. ಜಬಿ ನನ್ನ ಕೈ ನೋಡಿದ. ತಿರುಗಿ ಕಿಸೆಗೆ ಹಾಕಿಕೊಂಡೆ.

ಎಷ್ಟೋ ಚಾಕು ನೋಡಿದವನು ನಾನು... ಆ ಮನೆ ಹತ್ತಿರ ಬೆಂಕಿಕಡ್ಡಿ ಗೀರೋ ಧೈರ್ಯ ಮಾತ್ರ ನನಗಿಲ್ಲ.