ಅವಳ ಹೆಸರಿನ ಲೈಸೆನ್ಸ್

ವಿಶ್ವವಿದ್ಯಾಲಯದಲ್ಲಿ ನನಗೆ 'ಲೈಸೆನ್ಸ್ ಪೊಲೀಸಪ್ಪ' ಎಂದೇ ಹೆಸರು. ಅಧ್ಯಾಪಕರೂ ಸಿಬ್ಬಂದಿಯೂ ತಮಗೆ ಕೊಟ್ಟ ಸಾಫ್ಟ್‌ವೇರನ್ನು ನಿಯಮದಂತೆ ಬಳಸುತ್ತಿದ್ದಾರೆಯೇ ಎಂದು ನೋಡುವುದು ನನ್ನ ಕೆಲಸ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ! ನನ್ನ ತಲೆ ಕಂಡರೆ ಸಾಕು, ದೊಡ್ಡ ದೊಡ್ಡ ಪ್ರೊಫೆಸರುಗಳೂ ಲ್ಯಾಪ್‌ಟಾಪ್ ಮುಚ್ಚುತ್ತಿದ್ದರು.

ಮುಚ್ಚದೆ, "ಬನ್ನಿ ಪೊಲೀಸಪ್ಪ, ಇವತ್ತು ಯಾರನ್ನ ಹಿಡಿದ್ರಿ?" ಎಂದು ನಗುತ್ತಿದ್ದವಳು ಕಟ್ಟಡ ವಿನ್ಯಾಸ ಕಲಿಸುವ ಮೇಡಂ ಒಬ್ಬಳೇ. ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿ, ಓರೆಗಣ್ಣಿನಲ್ಲಿ ನನ್ನನ್ನು ಮೇಲಿಂದ ಕೆಳಗೆ ಅಳೆಯುತ್ತಿದ್ದಳು. ಆ ನೋಟಕ್ಕಾಗಿಯೇ ಇಲ್ಲದ ಕೆಲಸ ಹುಟ್ಟಿಸಿಕೊಂಡು ಅವಳ ಕೋಣೆಗೆ ಹೋಗುತ್ತಿದ್ದೆ. ಪ್ರೀತಿ ಎಂದು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಆ ದಿನ ಅವಳೂ ಮುಚ್ಚಿದಳು.

"ಯಾರ ಫೋಟೋ ನೋಡ್ತಿದ್ರಿ? ಹುಡುಗನದಾ?" ಎಂದೆ.

"ಹೂಂ, ಮದುವೆ ಗೊತ್ತಾಗಿದೆ. ಊಟಕ್ಕೆ ಬನ್ನಿ," ಎಂದು ಎಂದಿನಂತೆ ತಮಾಷೆ ಮಾಡಿದಳು. ಕಣ್ಣು ಮಾತ್ರ ನಗಲಿಲ್ಲ.

ಮನಸ್ಸು ತಡೆಯದೆ ನನ್ನ ಕೋಣೆಗೆ ಬಂದು, ಅವಳ ಲೈಸೆನ್ಸ್ ಯಾವಾಗ ಎಲ್ಲಿ ಬಳಕೆಯಾಗಿದೆ ಎಂಬ ದಾಖಲೆಯನ್ನು ಸರ್ವರ್‌ನಲ್ಲಿ ನೋಡಿದೆ. ಅವಳು ತರಗತಿಯಲ್ಲಿ ಪಾಠ ಮಾಡುತ್ತಿದ್ದ ಹೊತ್ತಿನಲ್ಲೇ, ಅವಳ ಹೆಸರಿನ ಲೈಸೆನ್ಸ್‌ನಲ್ಲಿ ಅವಳ ಮನೆಯಲ್ಲಿ ಯಾರೋ ನಕ್ಷೆ ಬಿಡಿಸುತ್ತಿದ್ದರು. ಪಾಠಕ್ಕೆಂದು ಕೊಟ್ಟ ಲೈಸೆನ್ಸ್ ಅದು. ಬೇರೆಯವರು ಮುಟ್ಟುವಂತಿಲ್ಲ, ಅದರಿಂದ ಸಂಪಾದಿಸುವಂತಿಲ್ಲ. ವರದಿ ಮಾಡಿದರೆ ಇನ್ನೇನು ಕಾಯಂ ಆಗಲಿದ್ದ ಅವಳ ನೌಕರಿಗೆ ಕುತ್ತು, ಬಚ್ಚಿಟ್ಟರೆ ನನ್ನದಕ್ಕೆ. ಅತ್ತ ದರಿ, ಇತ್ತ ಪುಲಿ.

ಮತ್ತೆ ಹೋಗಿ ಬಾಗಿಲು ಎಳೆದುಕೊಂಡು ಕೇಳಿದೆ: "ಮನೇಲಿ ಯಾರು?"

ಅವಳ ಮುಖ ಸಣ್ಣದಾಯಿತು.

"ಅಣ್ಣ. ಜನರಿಗೆ ಮನೆ ಪ್ಲಾನ್ ಹಾಕಿಕೊಡ್ತಾನೆ. ಪಾಸ್‌ವರ್ಡ್ ಕೊಟ್ಟಿದ್ದು ನಾನೇ. ಬದಲಾಯಿಸ್ತೀನಿ ಅಂದ್ರೆ ಅತ್ತಿಗೆ ಊಟ ಬಿಡ್ತಾರೆ, ಅಮ್ಮ ಮಾತು ಬಿಡ್ತಾರೆ. 'ನಿನ್ನ ಓದಿಸಿದ್ದು ಯಾರೇ?' ಅಂತಾನೆ ಅಣ್ಣ. ಏನು ಹೇಳ್ಲಿ? ಅವನೇ ಓದಿಸಿದ್ದು! ಮನೇಲೂ ಉಸಿರು ಕಟ್ಟುತ್ತೆ, ಇಲ್ಲೂ ಕಟ್ಟುತ್ತೆ. ಇವತ್ತು ಧೈರ್ಯ ಮಾಡಿ ಬದಲಾಯಿಸೋಕೆ ಕೂತಿದ್ದೆ, ನೀವು ಬಂದ್ರಿ."

"ಬದಲಾಯಿಸಿಬಿಡಿ. ಸರ್ವರ್‌ನಲ್ಲಿರೋದನ್ನ ನಾನು ಅಳಿಸ್ತೀನಿ. ಒಂದು ನರಪಿಳ್ಳೆಗೂ ಗೊತ್ತಾಗಲ್ಲ."

"ಯಾಕೆ ಅಳಿಸ್ತೀರಿ?"

"ಯಾಕಂದ್ರೆ... ನೀವಂದ್ರೆ ನಂಗೆ ಪ್ರಾಣ. ಸಾಕಾ?"

ಅವಳ ಕೆನ್ನೆ ಕೆಂಪಾಯಿತು. ಬೆರಳು ಮೇಜಿನ ಅಂಚನ್ನು ಸವರಿ ನನ್ನ ಕೈಯ ಹತ್ತಿರಕ್ಕೆ ಬಂದು ನಿಂತಿತು. ಮರುಗಳಿಗೆಯಲ್ಲಿ ಕಣ್ಣು ತುಂಬಿತು.

"ಬೇಡ. ಅಣ್ಣ ಓದಿಸಿದ ಅಂತ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ನಾಳೆ ನೀವು ಉಳಿಸಿದ್ರಿ ಅಂತ ನಿಮ್ಮ ಮುಂದೂ ಮುಚ್ಕೊಂಡಿರ್ಬೇಕಾ? ಇನ್ನೊಂದು ಋಣ ನನ್ನ ಕೈಲಿ ಹೊರೋಕಾಗಲ್ಲ. ಬರೀರಿ. ಹೌದು ಅಂತ ನಾನೇ ಸಹಿ ಹಾಕ್ತೀನಿ."

"ನೌಕರಿ?"

"ಹೋದ್ರೆ ಹೋಗ್ಲಿ. ನಾನು ನಾನಾಗಿ ಉಳೀತೀನಲ್ಲ."

ಬರೆದೆ. ಇಷ್ಟು ವರ್ಷ ಬೇರೆಯವರ ಮೇಲೆ ಸರಸರ ಬರೆದವನು ಆವತ್ತು ಎರಡು ಹಾಳೆ ಹರಿದೆಸೆದೆ. ಅವಳು ತಣ್ಣಗೆ ಸಹಿ ಹಾಕಿದಳು. ವಿಚಾರಣೆ ನಡೆದು, ಲೈಸೆನ್ಸ್ ವಾಪಸ್ ಪಡೆದರು. ನೌಕರಿ ಹೋಗಲಿಲ್ಲ, ಕಾಯಂ ಆಗುವುದು ಮುಂದಕ್ಕೆ ಹೋಯಿತು. ಅವಳಿಗೆ ಮುಖ ತೋರಿಸಲಾಗದೆ ನಾನು ಅವಳಿದ್ದ ಕಟ್ಟಡದತ್ತ ಸುಳಿಯದೆ ಸುತ್ತುಹಾಕಿ ಓಡಾಡತೊಡಗಿದೆ. ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಕೊನೆಗೆ ಅವಳೇ ನನ್ನ ಕೋಣೆಗೆ ಬಂದಳು. ಕುರ್ಚಿ ಎಳೆದು ಎದುರಿಗೇ ಕೂತಳು.

"ಅಣ್ಣ ಮಾತು ಬಿಟ್ಟಿದಾನೆ. ಅತ್ತಿಗೆ ನಿಮಗೆ ಹಿಡಿಶಾಪ ಹಾಕ್ತಿದಾರೆ."

"ನೀವು?"

"ಅಮ್ಮನ ಹತ್ರ ಹೇಳಿದೆ, ನನ್ನ ಮೇಲೆ ದೂರು ಬರೆದವರನ್ನೇ ಮದುವೆ ಆಗ್ತೀನಿ ಅಂತ."

"ಅಮ್ಮ ಏನಂದ್ರು?"

"ಒಂದು ಸುಳ್ಳು ಹೇಳೋಕೂ ಬರದವನ ಜೊತೆ ಹೇಗೆ ಬಾಳ್ತೀಯೇ ಅಂದ್ರು."

"ನೀವೇನಂದ್ರಿ?"

ಅವಳು ಮೇಜಿನ ಮೇಲಿದ್ದ ನನ್ನ ಕೈ ಹಿಡಿದಳು.

"'ನನಗೋಸ್ಕರ ಅವರು ಅದಕ್ಕೂ ತಯಾರಿದ್ರಮ್ಮ, ನಾನೇ ಬೇಡ ಅಂದೆ' ಅಂದೆ."